ಪರದೇಶದಿಂದ ತಂದ ಅಳತೆಗೋಲು

ವಿದ್ಯೆಗಾಗಿ ಪರಸ್ಥಳಕ್ಕೆ ಹೋದವರ ಕಥೆಗಳಲ್ಲಿ ಕಚನ ಕಥೆಯಷ್ಟು ನಮಗೆ ಪರಿಚಿತವಾದುದು ಬೇರೊಂದಿಲ್ಲ. ಅದನ್ನು ತಾಳಮದ್ದಳೆಯಲ್ಲಿ ಕೇಳದವರು ನಮ್ಮ ಕಾಸರಗೋಡಿನ ಕಡೆಯಲ್ಲಿ ವಿರಳ. ದೇವಗುರು ಬೃಹಸ್ಪತಿಯ ಮಗನಾದ ಕಚನು ಮೃತಸಂಜೀವಿನೀ ವಿದ್ಯೆಯನ್ನು ಕಲಿಯುವುದಕ್ಕಾಗಿ, ದೇವತೆಗಳಿಗೆ ಹಗೆಗಳಾದ ಅಸುರರ ಗುರು ಶುಕ್ರಾಚಾರ್ಯರ ಬಳಿಗೆ ಹೋದನು. ಅಸುರರು ಅವನನ್ನು ಮೂರು ಸಲ ಕೊಂದರು. ಮೂರನೆಯ ಸಲ ಅವನ ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸಿದರು. ಆಗ ಗುರುವಿನ ಉದರದಲ್ಲಿದ್ದುಕೊಂಡೇ ಕಚನು ಆ ವಿದ್ಯೆಯನ್ನು ಪಡೆದನು. ಹೊರಗೆ ಬಂದವನು, ತನ್ನ ನಿಮಿತ್ತವಾಗಿ ಪ್ರಾಣ ಬಿಟ್ಟಿದ್ದ ಗುರುವನ್ನು ಅದೇ ವಿದ್ಯೆಯಿಂದ ಬದುಕಿಸಿದನು. ನಮ್ಮ ಅರ್ಥಧಾರಿಗಳು ಸಾಮಾನ್ಯವಾಗಿ ದೇವಯಾನಿಯ ಪ್ರೇಮವನ್ನೂ ಶಾಪವನ್ನೂ ವಿಸ್ತರಿಸಿ ಹೇಳುವರು. ನನ್ನ ಮನಸ್ಸು ಮಾತ್ರ ಇತ್ತೀಚೆಗೆ ಬೇರೆ ಎರಡು ಸಂಗತಿಗಳಲ್ಲಿ ನಿಂತಿದೆ. ಸತ್ತವರನ್ನು ಬದುಕಿಸುವ ವಿದ್ಯೆಯು ತಾನು ಸತ್ತ ಮೇಲಲ್ಲದೆ ಕಚನಿಗೆ ದೊರೆಯಲಿಲ್ಲ ಎಂಬುದೊಂದು. ದೊರೆತ ವಿದ್ಯೆಯ ಮೊದಲ ಪ್ರಯೋಜನ ಕಲಿಸಿದ ಗುರುವಿಗೇ ಆಯಿತು ಎಂಬುದು ಇನ್ನೊಂದು.

ಈ ಕಥೆಯನ್ನು ನೆನೆಯುವಂತೆ ಮಾಡಿದುದು ಒಂದು ಕಾಗದ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಓದಿದ್ದ ಒಬ್ಬ ಹುಡುಗಿ ಈಗ ಬೆಳೆದು ದೊಡ್ಡವಳಾಗಿ ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡುತ್ತಿದ್ದಾಳೆ. ಕಳೆದ ವರ್ಷ ಅವಳು ವಿನಿಮಯ ವಿದ್ಯಾರ್ಥಿನಿಯಾಗಿ ಬ್ರಿಟನ್ನಿನ ಒಂದು ವಿಶ್ವವಿದ್ಯಾನಿಲಯಕ್ಕೆ ಹೋಗಿದ್ದಳು. ವಿನಿಮಯವೆಂದರೆ, ಎರಡು ವಿದ್ಯಾಸಂಸ್ಥೆಗಳು ತಮ್ಮೊಳಗೆ ಒಪ್ಪಂದ ಮಾಡಿಕೊಂಡು, ಇಲ್ಲಿಯವರು ಅಲ್ಲಿಗೂ ಅಲ್ಲಿಯವರು ಇಲ್ಲಿಗೂ ಒಂದು ಅವಧಿಯ ಮಟ್ಟಿಗೆ ಹೋಗಿ ಕಲಿಯುವ ಏರ್ಪಾಡು. ಸಾಮಾನ್ಯವಾಗಿ ಶುಲ್ಕವನ್ನು ತಾಯ್ನೆಲದ ಸಂಸ್ಥೆಗೇ ಸಲ್ಲಿಸುವುದು. ಅಲ್ಲಿ ಗಳಿಸಿದ ಅಂಕಗಳು ಇಲ್ಲಿಯ ಪದವಿಗೆ ಸೇರುವುವು. ಅವಳು ಕಲಿಯಹೋದ ವಿಷಯ ಅನ್ವಯಿಕ ಮನಶ್ಶಾಸ್ತ್ರ. ಮನಸ್ಸಿನ ವ್ಯಾಪಾರಗಳನ್ನು ಕುರಿತ ತಿಳಿವಳಿಕೆಯನ್ನು ಶಾಲೆ, ಆಸ್ಪತ್ರೆ, ಕಾರ್ಖಾನೆ, ನ್ಯಾಯಾಲಯ ಮೊದಲಾದ ಕಡೆಗಳಲ್ಲಿ ಮನುಷ್ಯರ ಉಪಯೋಗಕ್ಕೆ ತರುವ ಶಾಸ್ತ್ರವಿದು.

ಆ ಶಾಸ್ತ್ರದಲ್ಲಿ ಪರೀಕ್ಷೆಗಳನ್ನು ನಡೆಸುವ ಕ್ರಮವನ್ನು ಕಲಿಯುವಾಗ ವಿದ್ಯಾರ್ಥಿಗಳು ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುವುದುಂಟು. ಒಂದು ದಿನ ಅವಳ ಜೊತೆಗಾರ್ತಿಯು ಗಡಿಯಾರವನ್ನು ಮುಂದಿಟ್ಟುಕೊಂಡು ಅವಳನ್ನು ಪರೀಕ್ಷಿಸಿದಳು. ಆಕಾರಗಳನ್ನು ಜೋಡಿಸುವ ಭಾಗದಲ್ಲಿ ಇವಳು ಹಿಂದೆ ಬೀಳಲಿಲ್ಲ. ಆದರೆ ಇಂಗ್ಲಿಷ್ ಶಬ್ದಗಳಿಗೆ ಅರ್ಥ ಹೇಳುವ ಭಾಗದಲ್ಲಿ, ಆ ನಾಡಿನ ಮಕ್ಕಳೆಲ್ಲರೂ ಮನೆಯಲ್ಲೇ ಕೇಳಿ ತಿಳಿದಿರುವ ಸಂಗತಿಗಳನ್ನು ಕೇಳುವ ಭಾಗದಲ್ಲಿ, ಇವಳ ನಾಲಿಗೆ ತಡವರಿಸಿತು. ಉತ್ತರ ಮನಸ್ಸಿನಲ್ಲಿ ಕನ್ನಡದಲ್ಲಿ ಸಿದ್ಧವಾಗಿ ನಿಂತು, ಇಂಗ್ಲಿಷಿಗೆ ತಿರುಗುವಷ್ಟರಲ್ಲಿ ಕಾಲ ಮೀರುತ್ತಿತ್ತು. ಕೊನೆಗೆ ಬಂದ ಸಂಖ್ಯೆ ತರಗತಿಯ ಉಳಿದವರಿಗಿಂತ ಬಹಳ ಕೆಳಗಿತ್ತು. “ಇದು ಬರಿಯ ಅಭ್ಯಾಸಕ್ಕಾಗಿ, ಲೆಕ್ಕಕ್ಕಿಲ್ಲ” ಎಂದು ಜೊತೆಗಾರ್ತಿ ಸಮಾಧಾನ ಹೇಳಿದಳಂತೆ. “ಸರ್, ಲೆಕ್ಕಕ್ಕಿಲ್ಲವೆಂದು ನನಗೂ ತಿಳಿದಿತ್ತು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಊರಿನಲ್ಲಿ ಜಾಣೆ ಎನ್ನಿಸಿಕೊಂಡವಳು ನಾನು. ಇಲ್ಲಿ ಒಂದು ಗಂಟೆಯ ಹೊತ್ತಿನಲ್ಲಿ ಮಂದಬುದ್ಧಿಯವಳಾದೆ. ಈ ಅಳತೆಗೋಲನ್ನೇ ಕಲಿತುಕೊಂಡು ನಾನು ನಮ್ಮೂರಿನ ಮಕ್ಕಳ ಮುಂದೆ ಕುಳಿತುಕೊಳ್ಳಬೇಕಲ್ಲ, ಅದು ಸರಿಯೆ?” ಎಂದು ಅವಳು ಬರೆದಿದ್ದಳು.

ಪ್ರಶ್ನೆ ಅವಳದು, ಆದರೆ ಅದು ನಮ್ಮಂಥ ಅಧ್ಯಾಪಕರೆಲ್ಲರದೂ ಹೌದು. ಒಬ್ಬ ಮನುಷ್ಯನು ಇನ್ನೊಬ್ಬನ ಬುದ್ಧಿಯನ್ನು ಅಳೆಯುವ ಅಧಿಕಾರವನ್ನು ಎಲ್ಲಿಂದ ಪಡೆಯುತ್ತಾನೆ? ಪರದೇಶದಲ್ಲಿ ಹುಟ್ಟಿದ ಅಳತೆಗೋಲನ್ನು ತರುವವನು ಅದರೊಂದಿಗೆ ಇನ್ನೇನನ್ನು ತರಬೇಕು?

ಮೊದಲು ಒಂದು ಮಾತನ್ನು ನೆನೆಯಬೇಕು. ಈ ಶಾಸ್ತ್ರ ಬೆಳೆದುದೇ ಪರದೇಶದ ವಿದ್ಯಾರ್ಥಿಗಳಿಂದ. ೧೮೭೯ರಲ್ಲಿ ಜರ್ಮನಿಯ ಲೈಪ್ಸಿಗ್ ನಗರದಲ್ಲಿ ವಿಲ್‌ಹೆಲ್ಮ್ ವುಂಟ್ ಎಂಬ ಪಂಡಿತರು ಮನಶ್ಶಾಸ್ತ್ರದ ಪ್ರಯೋಗಾಲಯವನ್ನು ಸ್ಥಾಪಿಸಿದರು. ಹಲವು ನಾಡುಗಳ ತರುಣರು ಅಲ್ಲಿಗೆ ಬಂದರು. ಅಮೆರಿಕದಿಂದ ಬಂದ ಕಟೆಲ್ ಎಂಬವರು ೧೮೮೬ರಲ್ಲಿ ಅಲ್ಲಿ ಪದವಿ ಪಡೆದು, ಮುಂದೆ ೧೮೯೦ರಲ್ಲಿ ‘ಮಾನಸಿಕ ಪರೀಕ್ಷೆ’ ಎಂಬ ಹೆಸರನ್ನೇ ಬಳಕೆಗೆ ತಂದರು. ಇಂಗ್ಲೆಂಡಿನ ಸ್ಪಿಯರ್‌ಮನ್ನರು ಸೈನ್ಯದ ಅಧಿಕಾರಿಯಾಗಿದ್ದವರು. ಆ ಉದ್ಯೋಗವನ್ನು ಬಿಟ್ಟು, ಮೂವತ್ತು ದಾಟಿದ ವಯಸ್ಸಿನಲ್ಲಿ ಲೈಪ್ಸಿಗ್ಗಿಗೆ ಹೋಗಿ ವಿದ್ಯಾರ್ಥಿಯಾಗಿ ಕುಳಿತರು. ಮುಂದೆ ಅವರು ಲಂಡನ್ನಿನಲ್ಲಿ ಪ್ರಾಧ್ಯಾಪಕರಾದಾಗ ಅವರ ಬಳಿಗೆ ಹೋದವರಲ್ಲಿ ನಮ್ಮವರೊಬ್ಬರಿದ್ದರು, ಅವರು ಎಂ. ವಿ. ಗೋಪಾಲಸ್ವಾಮಿಗಳು. ಅವರು ಹಿಂದಿರುಗಿದ ಮೇಲೆ ೧೯೨೪ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗವು ಆರಂಭವಾಯಿತು. ಅದಕ್ಕೂ ಮೊದಲೇ, ಅಮೆರಿಕದ ಹಾರ್ವರ್ಡಿನಲ್ಲಿ ಕಲಿತು ಬಂದಿದ್ದ ನರೇಂದ್ರನಾಥ ಸೇನಗುಪ್ತರು ಕಲ್ಕತ್ತೆಯಲ್ಲಿ ೧೯೧೬ರಲ್ಲಿ ಇಂಥದೇ ವಿಭಾಗವನ್ನು ಮುನ್ನಡೆಸಿದ್ದರು. ಲೈಪ್ಸಿಗ್ಗಿನಿಂದ ಲಂಡನ್ನಿಗೆ, ಲಂಡನ್ನಿನಿಂದ ಮೈಸೂರಿಗೆ, ಹೀಗೆ ಈ ವಿದ್ಯೆ ಕೈಯಿಂದ ಕೈಗೆ ನಡೆದು ಬಂದಿದೆ. ಹಾಗೆ ಬರುವುದರಲ್ಲಿ ದೋಷವೇನೂ ಇಲ್ಲ. ಗೋಪಾಲಸ್ವಾಮಿಗಳೇ ೧೯೩೫ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ತೆರೆದರಷ್ಟೆ. ಬಾನುಲಿಯ ಯಂತ್ರ ಹೊರನಾಡಿನಲ್ಲಿ ಹುಟ್ಟಿದುದು. ಅದರಲ್ಲಿ ಕೇಳಿಬಂದ ಮಾತು ಕನ್ನಡ. ಯಂತ್ರ ಎಲ್ಲಿಯದೆಂದು ಯಾರೂ ಬೇಸರಪಡಲಿಲ್ಲ.

ಆದರೆ ಮನಸ್ಸನ್ನು ಅಳೆಯುವ ಉಪಕರಣವು ಬಾನುಲಿಯಷ್ಟು ನಿರಪಾಯವಾದುದಲ್ಲ. ಅದರ ಚರಿತ್ರೆಯನ್ನು ಅಧ್ಯಾಪಕರು ತಿಳಿದಿರಬೇಕು. ಪ್ಯಾರಿಸಿನ ಶಾಲೆಗಳಲ್ಲಿ ಪಾಠವನ್ನು ಹಿಂಬಾಲಿಸಲಾರದ ಮಕ್ಕಳನ್ನು ಗುರುತಿಸಿ ಅವರಿಗೆ ವಿಶೇಷ ಶಿಕ್ಷಣ ಕೊಡುವುದು ಹೇಗೆಂಬ ಪ್ರಶ್ನೆಯನ್ನು ಅಲ್ಲಿಯ ಸರಕಾರವು ೧೯೦೪ರಲ್ಲಿ ಎತ್ತಿತು. ಅದಕ್ಕೆ ಉತ್ತರವಾಗಿ ಆಲ್ಫ್ರೆಡ್ ಬಿನೇ ಮತ್ತು ಸಿಮೋನ್ ಎಂಬವರು ೧೯೦೫ರಲ್ಲಿ ಒಂದು ಪರೀಕ್ಷೆಯನ್ನು ರಚಿಸಿದರು. ಸುಲಭದಿಂದ ಕಠಿನಕ್ಕೆ ಏರುವ ಮೂವತ್ತು ಚಿಕ್ಕ ಕಾರ್ಯಗಳು ಅದರಲ್ಲಿದ್ದುವು. ಯಾವ ಮಗುವಿಗೆ ಸಹಾಯ ಬೇಕೆಂದು ತಿಳಿಯುವುದೇ ಅದರ ಉದ್ದೇಶ. ಮಗುವಿನ ಬುದ್ಧಿ ಇಷ್ಟೇ, ಇನ್ನು ಬೆಳೆಯದು ಎನ್ನುವವರನ್ನು ಬಿನೇಯವರು ಕಟುವಾಗಿ ಖಂಡಿಸಿದರು. ಬುದ್ಧಿಗೂ ವ್ಯಾಯಾಮವುಂಟು, ಅಭ್ಯಾಸದಿಂದ ಅದು ಬೆಳೆಯುವುದು ಎಂದು ಅವರು ನಂಬಿದ್ದರು.

೧೯೦೮ರಲ್ಲಿ ಹೆನ್ರಿ ಗಾಡರ್ಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಯೂರೋಪಿನ ಪ್ರವಾಸಕ್ಕೆ ಹೋಗಿ ಈ ಪರೀಕ್ಷೆಯನ್ನು ತಮ್ಮ ನಾಡಿಗೆ ತಂದರು. ಪರೀಕ್ಷೆ ಹಡಗನ್ನು ಹತ್ತಿತು. ಬಿನೇಯವರ ಎಚ್ಚರಿಕೆ ಹತ್ತಲಿಲ್ಲ. ಬುದ್ಧಿಯು ಹುಟ್ಟಿನಿಂದಲೇ ನಿಶ್ಚಿತವಾದುದೆಂಬುದು ಗಾಡರ್ಡರ ನಂಬಿಕೆಯಾಗಿತ್ತು. ೧೯೧೩ರಲ್ಲಿ ಅವರ ಸಹಾಯಕರು ನ್ಯೂಯಾರ್ಕಿನ ಬಂದರಿನ ಎಲ್ಲಿಸ್ ದ್ವೀಪದಲ್ಲಿ, ಹಡಗಿನ ಕೆಳಗಿನ ದರ್ಜೆಯಲ್ಲಿ ಸಾಗರ ದಾಟಿ ಬಂದಿದ್ದ ಬಡ ವಲಸೆಗಾರರಲ್ಲಿ ಕೆಲವರನ್ನು ಆರಿಸಿ ಪರೀಕ್ಷಿಸಿದರು. ಯೆಹೂದ್ಯರು, ಹಂಗೇರಿಯವರು, ಇಟಲಿಯವರು, ರಷ್ಯದವರು. ಮನೆಮಠ ಬಿಟ್ಟು ಬಂದವರು, ಪ್ರಯಾಣದಿಂದ ಬಳಲಿದವರು, ದುಭಾಷಿಯ ಬಾಯಿಂದ ಪ್ರಶ್ನೆಯನ್ನು ಕೇಳುವವರು. ಅವರಲ್ಲಿ ಹೆಚ್ಚಿನವರು ಬುದ್ಧಿಹೀನರೆಂಬ ಫಲಿತಾಂಶ ೧೯೧೭ರಲ್ಲಿ ಪ್ರಕಟವಾಯಿತು.

ಅದೇ ೧೯೧೭ರಲ್ಲಿ ಅಮೆರಿಕವು ಮಹಾಯುದ್ಧಕ್ಕಿಳಿದಾಗ ಲಕ್ಷಗಟ್ಟಲೆ ಸೈನಿಕರಿಗೆ ಇಂಥ ಪರೀಕ್ಷೆಗಳನ್ನು ಕೊಡಲಾಯಿತು. ಆ ಅಂಕಿಗಳನ್ನು ಆಧರಿಸಿ ಕಾರ್ಲ್ ಬ್ರಿಗಮ್ ಎಂಬವರು ೧೯೨೩ರಲ್ಲಿ ಒಂದು ಗ್ರಂಥವನ್ನು ಬರೆದರು. ಅದರಲ್ಲಿ ಒಂದು ಸಂಗತಿ ಕಣ್ಣಿಗೆ ಹೊಡೆಯುವಂತಿತ್ತು. ಹೊರನಾಡಿನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದವರು ಅಲ್ಲಿ ಎಷ್ಟು ಹೆಚ್ಚು ವರ್ಷ ನೆಲಸಿದ್ದರೋ ಅವರ ಅಂಕಗಳು ಅಷ್ಟು ಹೆಚ್ಚಾಗಿದ್ದುವು. ಇಪ್ಪತ್ತು ವರ್ಷ ದಾಟಿದವರು ಅಲ್ಲಿಯೇ ಹುಟ್ಟಿದವರಿಗೆ ಸಮನಾಗಿದ್ದರು. ಇದನ್ನು ನಮ್ಮ ಏಳನೆಯ ತರಗತಿಯ ಮಕ್ಕಳ ಮುಂದಿಟ್ಟರೂ, ಈ ಪರೀಕ್ಷೆ ಅಳೆಯುವುದು ಆ ನಾಡಿನ ಪರಿಚಯವನ್ನು ಎಂದಾರು. ಬ್ರಿಗಮ್ಮರು ಹಾಗೆನ್ನಲಿಲ್ಲ, ಮೊದಲು ಬಂದವರು ಉತ್ತಮರು, ಆಮೇಲೆ ಬಂದವರು ಅಧಮರು ಎಂದು ಅರ್ಥಮಾಡಿದರು. ಇಂಥ ಅಭಿಪ್ರಾಯಗಳು ಪ್ರಬಲವಾಗಿದ್ದ ಕಾಲದಲ್ಲಿಯೇ, ೧೯೨೪ರಲ್ಲಿ, ದಕ್ಷಿಣ ಮತ್ತು ಪೂರ್ವ ಯೂರೋಪಿನ ವಲಸೆಗಾರರಿಗೆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚುವ, ಏಷ್ಯದವರನ್ನು ಹೆಚ್ಚುಕಡಿಮೆ ಹೊರಗಿಡುವ ಕಾನೂನು ಅಲ್ಲಿ ಬಂದಿತು. ೧೯೩೦ರಲ್ಲಿ ಬ್ರಿಗಮ್ಮರು ತಮ್ಮ ತೀರ್ಮಾನಗಳು ನಿರಾಧಾರವೆಂದು ತಾವೇ ಒಪ್ಪಿ ಬರೆದರು. ತಪ್ಪನ್ನು ಒಪ್ಪಿಕೊಂಡುದು ದೊಡ್ಡತನವೇ ಸರಿ. ಆದರೆ ಕಾನೂನು ಆಗಲೇ ಜಾರಿಗೆ ಬಂದು ಆರು ವರ್ಷವಾಗಿತ್ತು.

ಇಲ್ಲಿ ವಿಚಾರ ಮಾಡಬೇಕಾದ ಅಂಶ ಇದು. ಇವರಾರೂ ಮೋಸಗಾರರಲ್ಲ; ಅಜ್ಞರೂ ಅಲ್ಲ. ಉಪಕರಣವನ್ನು ಶ್ರದ್ಧೆಯಿಂದ ಕಲಿತವರು. ಅವರಲ್ಲಿ ಕೊರತೆಯಾದುದು ಒಂದೇ: ಮೇಜಿನ ಆಚೆಯ ಬದಿಯಲ್ಲಿ ತಾವು ಕುಳಿತಿದ್ದರೆ ಹೇಗಾಗುತ್ತಿತ್ತು ಎಂಬ ಅರಿವು. ಗಾಡರ್ಡರನ್ನು ಇಟಲಿಯ ಹಳ್ಳಿಯೊಂದಕ್ಕೆ ಕರೆದೊಯ್ದು, ಅಲ್ಲಿಯ ರೈತನು ಅಲ್ಲಿಯ ಮಾತಿನಲ್ಲಿ, ದ್ರಾಕ್ಷಿಯ ಬಳ್ಳಿಯನ್ನು ಯಾವಾಗ ಸವರಬೇಕು, ಮೋಡ ಯಾವ ದಿಕ್ಕಿನಲ್ಲಿ ಕಟ್ಟಿದರೆ ಮಳೆ ಎಂದು ಕೇಳಿದ್ದರೆ, ಬುದ್ಧಿಹೀನರು ಯಾರಾಗುತ್ತಿದ್ದರು?

ಈ ಅರಿವನ್ನು ಪುಸ್ತಕದಿಂದ ಪಡೆಯುವುದು ಕಷ್ಟ. ಪರದೇಶದ ವಿದ್ಯಾರ್ಥಿಗೆ ಅದು ಬೇಡವೆಂದರೂ ಬರುತ್ತದೆ. ಅಮೆರಿಕಕ್ಕೂ ಭಾರತಕ್ಕೂ ನಡುವೆ ಫುಲ್‌ಬ್ರೈಟ್ ವಿನಿಮಯದ ಒಪ್ಪಂದವಾದುದು ೧೯೫೦ರಲ್ಲಿ. ಬೇರೆ ಅನೇಕ ದೇಶಗಳೊಡನೆಯೂ ಅಂಥ ಒಪ್ಪಂದಗಳಾಗಿದ್ದುವು. ನಾರ್ವೆಯಿಂದ ಆ ಏರ್ಪಾಡಿನಲ್ಲಿ ಅಮೆರಿಕಕ್ಕೆ ಹೋಗಿ ಬಂದ ಇನ್ನೂರು ಮಂದಿಯನ್ನು ವಿಚಾರಿಸಿ ಲಿಸ್‌ಗೋರ್ ಎಂಬ ವಿದ್ವಾಂಸರು ೧೯೫೫ರಲ್ಲಿ ಒಂದು ಲೇಖನ ಬರೆದರು. ಆರು ತಿಂಗಳಿಗಿಂತ ಕಡಿಮೆ ಇದ್ದವರು ಸುಖವಾಗಿದ್ದರು. ಹದಿನೆಂಟು ತಿಂಗಳಿಗಿಂತ ಹೆಚ್ಚು ಇದ್ದವರೂ ಸುಖವಾಗಿದ್ದರು. ನಡುವಿನ ಅವಧಿಯವರು ಒಂಟಿತನದಿಂದಲೂ ಹೊಂದಿಕೊಳ್ಳಲಾರದ ಸಂಕಟದಿಂದಲೂ ಹೆಚ್ಚು ಬಳಲಿದ್ದರು. ಎಲ್ಲರ ಅನುಭವವೂ ಇದೇ ಕ್ರಮದಲ್ಲಿ ನಡೆಯುವುದಿಲ್ಲವೆಂದು ಅನಂತರದ ವಿದ್ವಾಂಸರು ತೋರಿಸಿದ್ದಾರೆ. ಆದರೂ ಇಳಿಯುವ ಒಂದು ಕಾಲವುಂಟು ಎಂಬುದನ್ನು ಪರದೇಶದಲ್ಲಿ ಇದ್ದವರು ಅನೇಕರು ಒಪ್ಪುವರು. ಹಾಸ್ಯ ಅರ್ಥವಾಗುವುದಿಲ್ಲ, ಮಾತನಾಡಬೇಕೆಂದುಕೊಳ್ಳುವಷ್ಟರಲ್ಲಿ ಮಾತು ಬೇರೆ ಕಡೆಗೆ ತಿರುಗಿರುತ್ತದೆ, ಮೌನವಾಗಿ ಕುಳಿತವನನ್ನು ಜನ ದಡ್ಡನೆಂದು ತಿಳಿಯುತ್ತಾರೆ, ಕೆಲವು ದಿನಗಳಾದ ಮೇಲೆ ಅವನೇ ಅದನ್ನು ನಂಬತೊಡಗುತ್ತಾನೆ. ನನ್ನ ಅಭಿಪ್ರಾಯದಲ್ಲಿ, ಅನ್ವಯಿಕ ಮನಶ್ಶಾಸ್ತ್ರವನ್ನು ಕಲಿಯಹೋದವನಿಗೆ ಇದು ಪಾಠಪಟ್ಟಿಯಲ್ಲಿಲ್ಲದ ಪಾಠ. ಎಲ್ಲಕ್ಕಿಂತ ಮುಖ್ಯವಾದ ಪಾಠ. ಕಚನು ಬೂದಿಯಾದುದು ಇಲ್ಲಿಯೇ. ಊರಿನ ಜಾಣನು ಅಲ್ಲಿ ಒಮ್ಮೆ ಸಾಯಬೇಕು. ಆ ಸಾವನ್ನು ಅವಮಾನವೆಂದು ಮರೆತುಬಿಟ್ಟು, ಪದವಿಯನ್ನು ಮಾತ್ರ ಹೊತ್ತುಕೊಂಡು ಬಂದವನ ಕೈಯಲ್ಲಿ ಅಳತೆಗೋಲು ದೊಣ್ಣೆಯಾಗುತ್ತದೆ.

ಇಷ್ಟನ್ನು ಹೇಳುವ ನಾನು ಪರದೇಶಕ್ಕೆ ಹೋದವನಲ್ಲ. ಆದರೂ ಆ ಹುಡುಗಿಯ ಕಾಗದದಲ್ಲಿದ್ದ ‘ಮಂದಬುದ್ಧಿ’ ಎಂಬ ಶಬ್ದವು ನನ್ನನ್ನು ಚುಚ್ಚಿತು. ಅದಕ್ಕೆ ಕಾರಣವನ್ನು ಹೇಳದೆ ಈ ಲೇಖನವನ್ನು ಮುಂದುವರಿಸುವುದು ಅಪ್ರಾಮಾಣಿಕತೆಯಾದೀತು.

ನಮ್ಮ ಶಾಲೆಗಳ ಸ್ಥಿತಿಯನ್ನು ವಾಚಕರು ಬಲ್ಲರು. ಮಾಧ್ಯಮ ಕನ್ನಡ, ಮಕ್ಕಳ ಮನೆಮಾತು ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ. ಕೆಲವು ವರ್ಷಗಳ ಹಿಂದೆ ನನ್ನ ಮೂರನೆಯ ತರಗತಿಯಲ್ಲಿ ಮಲಯಾಳ ಮನೆಮಾತಿನ ಒಬ್ಬ ಹುಡುಗನಿದ್ದ. ಕೂಡಿಸುವ, ಕಳೆಯುವ ಲೆಕ್ಕಗಳನ್ನು ಹೇಗೋ ಮಾಡುತ್ತಿದ್ದ. ಭಾಗಾಕಾರದ ವಾಕ್ಯಲೆಕ್ಕಗಳು ಬಂದಾಗ ಕಲ್ಲಾಗಿ ಕುಳಿತುಬಿಡುತ್ತಿದ್ದ. “ಹನ್ನೆರಡು ಮಾವಿನಹಣ್ಣುಗಳನ್ನು ಮೂವರಿಗೆ ಸಮನಾಗಿ ಕೊಟ್ಟರೆ ಒಬ್ಬನ ಪಾಲು ಎಷ್ಟು?” ಎಂದು ಕೇಳಿದರೆ ನನ್ನ ಮುಖವನ್ನೇ ನೋಡುವನು. ಮತ್ತೆ ಕೇಳಿದರೆ ತಲೆ ತಗ್ಗಿಸುವನು. ಅರ್ಧ ವರ್ಷ ಕಳೆದಾಗ ಅವನ ಪ್ರಗತಿಯನ್ನು ಬರೆದಿಡುವ ಪುಸ್ತಕದಲ್ಲಿ ನಾನು ‘ಮಂದಬುದ್ಧಿ’ ಎಂದು ಬರೆದು, ಅವನನ್ನು ಹಿಂದಿನ ಬೆಂಚಿಗೆ ಕಳುಹಿಸಿದೆ. ಯಾರೂ ನನ್ನನ್ನು ಹಾಗೆ ಮಾಡೆಂದು ಹೇಳಿರಲಿಲ್ಲ. ಅಧ್ಯಾಪಕ ಶಿಕ್ಷಣದಲ್ಲಿ ಬಿನೇಯವರ ಹೆಸರನ್ನು ಓದಿ ಪರೀಕ್ಷೆಯಲ್ಲಿ ಉತ್ತರ ಬರೆದಿದ್ದೆನಾದರೂ ಅದು ನೆನಪಿಗೆ ಬರಲಿಲ್ಲ.

ಶಾಲೆಯ ಆಟೋಟದ ದಿನ ಮಿಠಾಯಿ ಹಂಚುವ ಕೆಲಸ ಅವನ ಕೈಗೆ ಬಂದಿತು. ಒಂಬತ್ತು ಸಾಲುಗಳಲ್ಲಿ ಮಕ್ಕಳು ಕುಳಿತಿದ್ದರು. ಅವನು ಡಬ್ಬದಲ್ಲಿದ್ದುದನ್ನು ಎಣಿಸಿ, ಸಾಲುಗಳನ್ನು ಎಣಿಸಿ, ಪ್ರತಿ ಸಾಲಿಗೂ ಸರಿಯಾಗಿ ಅಷ್ಟಷ್ಟನ್ನೇ ಬೇರೆಯಿರಿಸಿ, ಉಳಿದ ಎರಡನ್ನು ತಂದು ನನ್ನ ಮೇಜಿನ ಮೇಲಿಟ್ಟ. ನಾನು ಬೆರಗಾಗಿ, ನನಗೆ ಬರುವ ಹರಕು ಮಲಯಾಳದಲ್ಲಿ ಆ ಮಾವಿನಹಣ್ಣಿನ ಲೆಕ್ಕವನ್ನು ಕೇಳಿದೆ. ನಾನು ವಾಕ್ಯ ಮುಗಿಸುವ ಮೊದಲೇ “ನಾಲ್” ಎಂದ. ಪಕ್ಕದಲ್ಲಿದ್ದ ಹುಡುಗಿಯೊಬ್ಬಳು ನಗುತ್ತ, “ಸರ್, ಅವನಿಗೆ ಪಾಲು ಅಂದರೆ ಹಾಲು” ಎಂದಳು. ಮಲಯಾಳದಲ್ಲಿ ಹಾಲಿಗೆ ‘ಪಾಲ್’ ಎನ್ನುವರೆಂದು ನನಗೆ ತಿಳಿಯದೆ ಇರಲಿಲ್ಲ. ಪೇಟೆಯಲ್ಲಿ ದಿನವೂ ಕೇಳುವ ಶಬ್ದ. ಆದರೂ ಆರು ತಿಂಗಳು ಅದು ನನಗೆ ಹೊಳೆಯಲಿಲ್ಲ. ಮಾವಿನಹಣ್ಣುಗಳನ್ನು ಹಂಚಿದರೆ ಹಾಲು ಎಷ್ಟು ಎಂದು ಕೇಳಿದವನ ಬುದ್ಧಿಯ ವಿಷಯದಲ್ಲಿ ಆ ಮಗು ಏನೆಂದುಕೊಂಡಿತೋ ನಾನರಿಯೆ. ಪುಸ್ತಕದಲ್ಲಿ ಬರೆದುದನ್ನು ಹೊಡೆದುಹಾಕಿದೆ. ಹುಡುಗನನ್ನು ಮುಂದಕ್ಕೆ ಕರೆದೆ. ಆದರೆ ಅವನು ಹಿಂದಿನ ಬೆಂಚಿನಲ್ಲಿ ಕುಳಿತು ಕಳೆದ ದಿನಗಳನ್ನು ಹೊಡೆದುಹಾಕುವ ಶಾಯಿ ಇಲ್ಲ.

ಹಾಗಾದರೆ ಅಳೆಯುವುದನ್ನೇ ಬಿಟ್ಟುಬಿಡಬೇಕೆ? ಹೀಗೆಂದು ವಾದಿಸುವವರಿದ್ದಾರೆ. ಮನುಷ್ಯನ ಮನಸ್ಸು ಅಳತೆಗೆ ಮೀರಿದುದು, ಈ ಪರೀಕ್ಷೆಗಳೆಲ್ಲ ಪರಕೀಯರ ಆಡಂಬರ ಎಂದು ಅವರ ಮತ. ಕೇಳುವುದಕ್ಕೆ ಇದು ಹಿತವಾಗಿದೆ. ನನ್ನ ಅನುಭವವು ಇದಕ್ಕೆ ವಿರುದ್ಧವಾಗಿದೆ. ಆ ಹುಡುಗನನ್ನು ನಾನು ಹಿಂದಿನ ಬೆಂಚಿಗೆ ಕಳುಹಿಸಿದುದು ಯಾವ ಪರೀಕ್ಷೆಯನ್ನೂ ಮಾಡದೆ, ಬರಿಯ ಕಣ್ಣಂದಾಜಿನಿಂದ. ಅಳತೆಗೋಲಿಲ್ಲದವನೂ ಅಳೆಯುತ್ತಲೇ ಇರುತ್ತಾನೆ. ಅವನ ತಪ್ಪನ್ನು ತೋರಿಸಿಕೊಡುವ ಸಾಧನ ಮಾತ್ರ ಇರುವುದಿಲ್ಲ. ಅಧ್ಯಾಪಕರ ಇಂಥ ಕಣ್ಣಂದಾಜಿನ ಬದಲಿಗೆ ಏನಾದರೂ ನ್ಯಾಯವಾದ ಕ್ರಮವಿರಲೆಂದೇ ಬಿನೇಯವರು ಶ್ರಮಪಟ್ಟರು. ನಿಜವಾಗಿಯೂ ನಿಧಾನವಾಗಿ ಕಲಿಯುವ ಮಕ್ಕಳಿದ್ದಾರೆ. ಅವರನ್ನು ಸಕಾಲದಲ್ಲಿ ಗುರುತಿಸದೆ, ಸೋಮಾರಿಗಳೆಂದು ಗದರಿಸುತ್ತ ಇರುವುದೂ ಒಂದು ಅನ್ಯಾಯವೇ.

ಆದುದರಿಂದ ಬೇಕಾದುದು ಅಳತೆಯ ನಿಷೇಧವಲ್ಲ. ಅಳೆಯಲ್ಪಡುವವನ ಮನೆಗೆ ಅಳತೆಗೋಲನ್ನು ಒಯ್ಯುವ ಶ್ರಮ. ಈ ಶ್ರಮವನ್ನು ನಮ್ಮವರೇ ಮಾಡಿದ್ದುಂಟು. ವಿ. ವಿ. ಕಾಮತರು ಬಿನೇ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಪರಿಷ್ಕರಿಸಿ, ಅದರ ವಿವರವನ್ನು ೧೯೪೦ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಪ್ರಶ್ನೆಗಳನ್ನು ಇಂಗ್ಲಿಷಿನಿಂದ ಭಾಷಾಂತರಿಸಿದರೆ ಇಂಥ ಕೆಲಸ ಮುಗಿಯುವುದಿಲ್ಲ. ನಮ್ಮ ಮಕ್ಕಳು ಯಾವ ವಯಸ್ಸಿನಲ್ಲಿ ಯಾವುದನ್ನು ಮಾಡಬಲ್ಲರೆಂದು ಹೊಸತಾಗಿ ನೋಡಬೇಕು, ಕೆಲವು ಪ್ರಶ್ನೆಗಳನ್ನು ಮೇಲಿನ ವಯಸ್ಸಿಗೆ, ಕೆಲವನ್ನು ಕೆಳಗಿನ ವಯಸ್ಸಿಗೆ ಸರಿಸಬೇಕು, ಕೆಲವನ್ನು ಬಿಟ್ಟೇಬಿಡಬೇಕು. ಅಮೆರಿಕದಲ್ಲಿಯೂ ಈ ನ್ಯಾಯಕ್ಕಾಗಿ ಹೋರಾಟ ನಡೆದಿದೆ. ಕ್ಯಾಲಿಫೋರ್ನಿಯದಲ್ಲಿ ಸ್ಪ್ಯಾನಿಷ್ ಮನೆಮಾತಿನ ಒಂಬತ್ತು ಮಕ್ಕಳನ್ನು ಇಂಗ್ಲಿಷ್ ಪರೀಕ್ಷೆಯ ಬಲದಿಂದ ಬುದ್ಧಿಮಾಂದ್ಯರ ತರಗತಿಗೆ ಸೇರಿಸಿದ್ದರು. ಅವರ ಭಾಷೆಯನ್ನು ಬಲ್ಲವರು ಮತ್ತೆ ಪರೀಕ್ಷಿಸಿದಾಗ ಹೆಚ್ಚಿನವರು ಆ ಗೆರೆಯಿಂದ ಮೇಲಕ್ಕೆ ಬಂದರು. ೧೯೭೦ರಲ್ಲಿ ನ್ಯಾಯಾಲಯದ ಮುಂದೆ ಆದ ಒಪ್ಪಂದದಂತೆ, ಮಗುವನ್ನು ಅದರ ಮನೆಮಾತಿನಲ್ಲಿಯೂ ಪರೀಕ್ಷಿಸಬೇಕೆಂದು ನಿಶ್ಚಯವಾಯಿತು.

ಇನ್ನೊಂದು ಆಕ್ಷೇಪವೂ ಉಂಟು. ಪರಕೀಯನಾಗಿ ನಿಲ್ಲುವ ಅನುಭವವೇ ಮುಖ್ಯವಾದರೆ, ಗಡಿನಾಡಿನ ನಮಗೆ ಪರದೇಶ ಏಕೆ ಬೇಕು? ದಿನ ಬೆಳಗಾದರೆ ನಾವು ನಾಲ್ಕು ಭಾಷೆಗಳ ನಡುವೆ ನಿಲ್ಲುತ್ತೇವೆ. ಕಚೇರಿಯ ಅರ್ಜಿಯ ಮುಂದೆ ನಾವೇ ಎಷ್ಟೋ ಸಲ ದಡ್ಡರಾಗುತ್ತೇವೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ನನ್ನ ಕಥೆಯನ್ನೇ ನೋಡಿ. ಗಡಿನಾಡಿನಲ್ಲಿ ಹುಟ್ಟಿ ಬೆಳೆದ ನನಗೆ ಹಾಲಿನ ಹೆಸರು ಆರು ತಿಂಗಳು ಹೊಳೆಯಲಿಲ್ಲ. ನಮ್ಮ ಭಾಷೆಗೆ ನ್ಯಾಯ ಸಿಗುವುದಿಲ್ಲವೆಂದು ಸಭೆಗಳಲ್ಲಿ ದುಃಖಿಸುವ ನಾವು, ತರಗತಿಯ ಬಾಗಿಲೊಳಗೆ ಕಾಲಿಟ್ಟೊಡನೆ, ನಮ್ಮ ಮುಂದೆ ಅಲ್ಪಸಂಖ್ಯಾತನಾಗಿ ಕುಳಿತ ಮಗುವನ್ನು ಕಾಣದೆ ಹೋಗುತ್ತೇವೆ. ಅತ್ತ ಗಾಡರ್ಡರು ಸಾಗರ ದಾಟಿ ಹೋಗಿ ಬಂದರೂ ಕಾಣಲಿಲ್ಲ. ಪ್ರವಾಸದಿಂದ ಕಣ್ಣು ತೆರೆಯುವುದು ನಿಶ್ಚಯವಲ್ಲ. ಮನೆಯಲ್ಲಿದ್ದರೆ ತೆರೆಯದೆಂದೂ ಇಲ್ಲ. ನಾನು ಹೀಗೆ ಅವಮಾನಿತನಾದೆ, ಹಾಗೆಯೇ ನನ್ನ ಮುಂದೆ ಇರುವವನೂ ಆಗುತ್ತಿರಬಹುದು ಎಂದು ತನ್ನ ನೋವಿನಿಂದ ಪರರ ನೋವಿಗೆ ದಾಟುವ ಒಂದು ಹೆಜ್ಜೆಯನ್ನು ನಾವೇ ಇಡಬೇಕು. ಆ ಹೆಜ್ಜೆ ಬುದ್ಧಿಯದಲ್ಲ, ಶೀಲದ್ದು. ಪರದೇಶವು ನೋವನ್ನು ಕೊಡಬಲ್ಲದು. ದಾಟುವ ಕೆಲಸವನ್ನು ಅದು ಮಾಡಿಕೊಡಲಾರದು.

ಕೊನೆಗೆ ವಿನಿಮಯ ಎಂಬ ಶಬ್ದವನ್ನು ಕುರಿತು ಒಂದು ಮಾತು. ವಿನಿಮಯದಲ್ಲಿ ಕೊಳ್ಳುವುದೂ ಉಂಟು, ಕೊಡುವುದೂ ಉಂಟು. ನಾವು ಮಾತ್ರ ಪರದೇಶದ ವಿದ್ಯಾರ್ಥಿಯೆಂದರೆ ತೆಗೆದುಕೊಂಡು ಬರುವವನು ಎಂದಷ್ಟೇ ಎಣಿಸುತ್ತೇವೆ. ಆರ್ನೆಟ್ ಎಂಬ ವಿದ್ವಾಂಸರು ೨೦೦೮ರಲ್ಲಿ ಈ ಶಾಸ್ತ್ರದ ಪ್ರಮುಖ ಪತ್ರಿಕೆಗಳನ್ನು ಪರಿಶೀಲಿಸಿದರು. ಪ್ರಯೋಗಕ್ಕೆ ಒಳಗಾದವರಲ್ಲಿ ನೂರಕ್ಕೆ ೯೬ ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು. ಆ ದೇಶಗಳ ಜನಸಂಖ್ಯೆ ಪ್ರಪಂಚದ ನೂರಕ್ಕೆ ೧೨ರಷ್ಟು ಮಾತ್ರ. ಮನುಷ್ಯನ ಮನಸ್ಸು ಎಂದು ಶಾಸ್ತ್ರವು ಯಾವುದನ್ನು ಕರೆದಿದೆಯೋ ಅದು ಬಹುಮಟ್ಟಿಗೆ ಕೆಲವೇ ನಾಡುಗಳವರ ಮನಸ್ಸು. ಆಫ್ರಿಕದ ಲೈಬೀರಿಯದಲ್ಲಿ ಕ್ಪೆಲೆ ಜನಾಂಗದ ರೈತರ ಮುಂದೆ ಇಪ್ಪತ್ತು ವಸ್ತುಗಳನ್ನಿಟ್ಟು ಸರಿಯಾಗಿ ಗುಂಪುಮಾಡಲು ಹೇಳಿದ ಪ್ರಯೋಗವೊಂದು ೧೯೭೫ರಲ್ಲಿ ವರದಿಯಾಯಿತು. ಉಪಕರಣಗಳು ಒಂದು ಕಡೆ, ಆಹಾರಗಳು ಒಂದು ಕಡೆ ಎಂಬುದು ಪರೀಕ್ಷಕರ ನಿರೀಕ್ಷೆ. ರೈತರು ಚಾಕುವನ್ನು ಕಿತ್ತಳೆಯ ಜೊತೆಗಿಟ್ಟು, ಬುದ್ಧಿವಂತನು ಹೀಗೆಯೇ ಇಡುವನು ಎಂದರು. ಕೊನೆಗೆ ಪರೀಕ್ಷಕರು, ಹಾಗಾದರೆ ಮೂರ್ಖನು ಹೇಗಿಡುವನು ಎಂದು ಕೇಳಿದಾಗ, ಆ ರೈತರು ಉಪಕರಣಗಳನ್ನೂ ಆಹಾರಗಳನ್ನೂ ಬೇರೆ ಬೇರೆ ಮಾಡಿ ಪರೀಕ್ಷಕರ ಮನಸ್ಸಿಗೆ ಸರಿಯಾಗುವಂತೆ ಜೋಡಿಸಿ ತೋರಿಸಿದರು. ನಮ್ಮ ಅಡುಗೆಮನೆಯಲ್ಲ್ಯಾದರೂ ಮೆಟ್ಟುಕತ್ತಿ ಇರುವುದು ತರಕಾರಿಯ ಬುಟ್ಟಿಯ ಬಳಿಯಲ್ಲಿ. ಹಾರೆ ಗುದ್ದಲಿಗಳ ಬಳಿಯಲ್ಲಲ್ಲ.

ಇಂಥ ಮಾತನ್ನು ಆ ಶಾಸ್ತ್ರದ ಮನೆಯಲ್ಲಿ ನಿಂತು ಹೇಳಬಲ್ಲವರು ಯಾರು? ನಮ್ಮ ಹುಡುಗಿಯಂಥವರೇ. ತನ್ನ ಅಂಕ ಏಕೆ ಇಳಿಯಿತೆಂದು ಅವಳು ಗುರುಗಳ ಮುಂದೆ ವಿವರಿಸಿ ಹೇಳಿದರೆ, ಅದು ಕ್ಷಮಾಯಾಚನೆಯಲ್ಲ. ಆ ಶಾಸ್ತ್ರಕ್ಕೆ ಅವಳು ಸಲ್ಲಿಸುವ ಕಾಣಿಕೆ. ಕಚನು ಗುರುವಿನಿಂದ ವಿದ್ಯೆಯನ್ನು ಪಡೆದು ಮೆಲ್ಲನೆ ಜಾರಿಹೋಗಲಿಲ್ಲ. ಗುರುವನ್ನು ಬದುಕಿಸಿ ನಿಲ್ಲಿಸಿದ ಮೇಲೆಯೇ ಹೊರಟನು.

ನಾನು ಅವಳಿಗೆ ಬರೆದ ಉತ್ತರ ಚಿಕ್ಕದು. “ಅಳತೆಗೋಲನ್ನು ಚೆನ್ನಾಗಿ ಕಲಿತು ಬಾ. ಕಲಿಯದೆ ಬಂದರೆ ನಮ್ಮ ಕಣ್ಣಂದಾಜನ್ನು ತಿದ್ದುವವರಿಲ್ಲ. ಆದರೆ ನಿನಗೆ ನಿದ್ದೆ ಬಾರದ ಆ ರಾತ್ರಿಯನ್ನು ಅಲ್ಲಿಯೇ ಬಿಟ್ಟು ಬರಬೇಡ. ನಮ್ಮೂರಿನ ಮಗುವಿನ ಮುಂದೆ ಕುಳಿತಾಗ ಮೊದಲು ಅದನ್ನು ನೆನೆ. ಆಮೇಲೆ ಪ್ರಶ್ನೆಯನ್ನು ಕೇಳು. ಮಗು ಸುಮ್ಮನಿದ್ದರೆ, ನೀನು ಕೇಳಿದುದು ಅದಕ್ಕೆ ಏನೆಂದು ಕೇಳಿಸಿತೆಂದು ವಿಚಾರಿಸು” ಎಂದು ಬರೆದೆ. ಹೀಗೆ ಬರೆದ ಮರುದಿನ ಬೆಳಿಗ್ಗೆ ನಾನು ತರಗತಿಗೆ ಹೋದಾಗ, ಹಿಂದಿನ ಬೆಂಚಿನಲ್ಲಿ ಈ ವರ್ಷವೂ ಇಬ್ಬರು ಕುಳಿತಿದ್ದರು. ಅವರು ಅಲ್ಲಿಗೆ ಹೇಗೆ ಹೋದರು, ನಾನು ಕಳುಹಿಸಿದೆನೋ ಅವರೇ ಹೋದರೋ, ನನಗೆ ನೆನಪಿರಲಿಲ್ಲ. ಅಂದಿನ ಪಾಠವನ್ನು ಅವರ ಬಳಿ ಹೋಗಿ ಆರಂಭಿಸಿದೆ.